ಮಕ್ದಲಾದ ಸೊತ್ತು ಮನೆಗೆ ಹೋಗಲಿ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋದ ಕನ್ನಡದ ಹುಡುಗ ಹುಡುಗಿಯರು ಹುಡುಕುವುದು ಟಿಪ್ಪುವಿನ ಹುಲಿಯನ್ನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯಾದ ಹುಲಿ ಅದು. ನೋಡಿದರೆ ಹೊಟ್ಟೆಯುರಿಯುತ್ತದೆ, ಉರಿಯಬೇಕು. ಆದರೆ ಅದೇ ಮ್ಯೂಸಿಯಮ್ಮಿನಲ್ಲಿ ಇಥಿಯೋಪಿಯಾದ ಒಂದು ಬಂಗಾರದ ಕಿರೀಟವೂ ಇದೆ. ಹುಲಿಯ ವಿಷಯದಲ್ಲಿ ನಾವು ಕಳೆದುಕೊಂಡವರು. ಕಿರೀಟದ ವಿಷಯದಲ್ಲಿ ನಮ್ಮ ಋಣವಿದೆ.

1867–68ರಲ್ಲಿ ಇಥಿಯೋಪಿಯಾದ ದೊರೆ ತೆವೊದ್ರೋಸನ ಮೇಲೆ ಬ್ರಿಟಿಷರು ಕಳಿಸಿದ ಸೇನೆ ಹಡಗು ಹತ್ತಿದ್ದು ಮುಂಬಯಿಯಲ್ಲಿ. ಸೈನಿಕರಲ್ಲಿ ಬಹಳ ಮಂದಿ ಭಾರತೀಯರು. ಫಿರಂಗಿ ಹೊರಲು ಹೋದ 44 ಆನೆಗಳೂ ನಮ್ಮವೇ. ಬೆಂಗಳೂರೇ ಕೇಂದ್ರವಾಗಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯೂ ಆ ದಂಡಿನಲ್ಲಿತ್ತು. ಹಲಸೂರು ಕೆರೆಯ ಬಳಿಯ ಆ ಪಡೆಯ ಯುದ್ಧಗೌರವಗಳ ಪಟ್ಟಿಯಲ್ಲಿ ‘ಅಬಿಸೀನಿಯಾ’ (ಇಥಿಯೋಪಿಯಾದ ಅಂದಿನ ಹೆಸರು) ಇದೆ. ಆಜ್ಞೆ ಪಾಲಿಸಿದ ಆ ಬಡ ಸಿಪಾಯಿಗಳನ್ನು ನಾನು ದೂರುವುದಿಲ್ಲ. ಆದರೆ ಅವರ ಮೊಮ್ಮಕ್ಕಳ ಕಾಲದ ನಮಗೆ ಬಾಯಿದೆ.

1868ರ ಏಪ್ರಿಲ್ 13ರಂದು ದೊರೆಯ ಮಕ್ದಲಾ ಕೋಟೆ ಬಿತ್ತು. ಸೆರೆಯಾಗಲೊಪ್ಪದ ದೊರೆ ಗುಂಡು ಹಾರಿಸಿಕೊಂಡು ಸತ್ತ. ಕಿರೀಟ, ಪೂಜೆಯ ಪಾತ್ರೆ, ನೂರಾರು ಹಸ್ತಪ್ರತಿ ಎಲ್ಲವನ್ನೂ 15 ಆನೆ, ಸುಮಾರು 200 ಹೇಸರಗತ್ತೆಗಳ ಮೇಲೆ ಹೇರಿ ಕೆಳಗಿಳಿಸಿದರು ಎನ್ನುತ್ತದೆ ಚರಿತ್ರೆ. ದಾರಿಯಲ್ಲೇ ಹರಾಜು ನಡೆಯಿತು; ಬ್ರಿಟಿಷ್ ಮ್ಯೂಸಿಯಮ್ಮಿನ ಪರವಾಗಿ ಸೇನೆಯೊಂದಿಗೇ ಬಂದಿದ್ದ ರಿಚರ್ಡ್ ಹೋಮ್ಸ್ ಬೇಕಾದ್ದನ್ನು ಕೊಂಡ. ದೊರೆಯ ಏಳು ವರ್ಷದ ಮಗ ಅಲೆಮಾಯೆಹುವನ್ನೂ ಕರೆದೊಯ್ದರು. 18ರ ಹರೆಯದಲ್ಲೇ ತೀರಿಕೊಂಡ ಅವನನ್ನು ವಿಂಡ್ಸರ್‌ನಲ್ಲಿ ಮಣ್ಣು ಮಾಡಿದರು. ಅಸ್ಥಿಯನ್ನಾದರೂ ಕೊಡಿ ಎಂಬ ಬೇಡಿಕೆಗೆ ಅರಮನೆ 2023ರಲ್ಲೂ ಆಗದು ಎಂದಿತು.

ನನ್ನನ್ನು ಎಲ್ಲಕ್ಕಿಂತ ಕೆರಳಿಸುವುದು ತಾಬೋತ್‌ಗಳ ಪಾಡು. ದೈವಾಜ್ಞೆಯ ಸಂಕೇತವಾದ ಪವಿತ್ರ ಹಲಗೆಗಳು ಅವು. ತಾಬೋತ್ ಇಲ್ಲದ ಇಥಿಯೋಪಿಯಾದ ಚರ್ಚು ಮೂಲವಿಗ್ರಹವಿಲ್ಲದ ಗರ್ಭಗುಡಿಯಂತೆ. ಪಾದ್ರಿಗಳ ಹೊರತು ಯಾರೂ ನೋಡುವಂತಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಂಥ 11 ಇವೆ, ಮುಚ್ಚಿದ ಕೋಣೆಯಲ್ಲಿ. ಜನರಿಗೆ ತೋರಿಸುವಂತಿಲ್ಲ, ಮ್ಯೂಸಿಯಮ್ಮಿನ ತಜ್ಞರೇ ನೋಡುವಂತಿಲ್ಲ. ಯಾರೂ ನೋಡಲಾಗದ್ದನ್ನು ಮ್ಯೂಸಿಯಂ ಯಾಕೆ ಇಟ್ಟುಕೊಳ್ಳಬೇಕು?

ಈ ಪ್ರಶ್ನೆಯನ್ನು ಬಿಡದೆ ಕೇಳುತ್ತ ಬಂದವರಲ್ಲಿ ರಾಸ್ತಫಾರಿಗಳಿದ್ದಾರೆ. ಗುಲಾಮರಾಗಿ ಜಮೈಕಾಕ್ಕೆ ಸಾಗಿಸಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು ಅವರು. 1930ರಲ್ಲಿ ಹೈಲೆ ಸೆಲಾಸಿ ಇಥಿಯೋಪಿಯಾದ ಪಟ್ಟವೇರಿದಾಗ ಆ ಕಪ್ಪು ಚಕ್ರವರ್ತಿಯಲ್ಲಿ ದೇವರನ್ನೇ ಕಂಡರು. ಕದ್ದೊಯ್ದ ಜನ ಆಫ್ರಿಕಕ್ಕೆ ಮರಳಬೇಕು, ಕದ್ದೊಯ್ದ ಸೊತ್ತೂ ಮರಳಬೇಕು. ಅವರಿಗೆ ಇವೆರಡೂ ಒಂದೇ ಹಕ್ಕು. ಕೈಯಲ್ಲಿ ಹಣವಿರಲಿಲ್ಲ, ಅಧಿಕಾರವಿರಲಿಲ್ಲ. ಜಟೆ ಬಿಟ್ಟವರೆಂದು ನಗೆಪಾಟಲಾದರು, ಪೊಲೀಸರಿಂದ ಹೊಡೆತ ತಿಂದರು. 1963ರಲ್ಲಿ ಕೋರಲ್ ಗಾರ್ಡನ್ಸಿನಲ್ಲಿ ಅವರ ಮೇಲೆ ನಡೆದ ದೌರ್ಜನ್ಯಕ್ಕೆ ಜಮೈಕಾ ಸರ್ಕಾರ ಕ್ಷಮೆ ಕೇಳಿದ್ದು 2017ರಲ್ಲಿ. ಅರ್ಧ ಶತಮಾನ ಕಾದ ಜನ ಇವರು. ನಮ್ಮ ತಾಳ್ಮೆಗೆ ಅವರಿಂದ ಪಾಠವಿದೆ.

ಕೇಳಿದರೆ ಸಿಗದು ಎನ್ನಬೇಡಿ. ಎಡಿನ್‌ಬರೋದ ಒಂದು ಚರ್ಚು ತನ್ನಲ್ಲಿದ್ದ ತಾಬೋತನ್ನು 2002ರಲ್ಲಿ ಮರಳಿಸಿತು. ಮುಸೊಲಿನಿಯ ಸೇನೆ ಹೊತ್ತೊಯ್ದಿದ್ದ ಇಥಿಯೋಪಿಯಾದ ಆಕ್ಸುಮಿನ 24 ಮೀಟರ್ ಎತ್ತರದ ಕಲ್ಲುಕಂಬವನ್ನು ಇಟಲಿ 2005ರಲ್ಲಿ ವಿಮಾನದಲ್ಲಿ ಕಳಿಸಿಕೊಟ್ಟಿತು. ತೆವೊದ್ರೋಸನ ಕೂದಲು 2019ರಲ್ಲಿ ಬ್ರಿಟನ್ನಿನಿಂದ ಮರಳಿತು. ಆದರೂ ಕಿರೀಟವಿರುವ ಮ್ಯೂಸಿಯಂ ಇಥಿಯೋಪಿಯಾಕ್ಕೆ ಹೇಳಿದ್ದು ದೀರ್ಘಾವಧಿಯ ಎರವಲಾಗಿ ಕೊಡಬಲ್ಲೆವು ಎಂದು. ಮನೆಯವರಿಗೇ ಅವರ ಒಡವೆಯನ್ನು ಕಡ ಕೊಡುವ ಈ ಔದಾರ್ಯವನ್ನು ನಾವು ಒಪ್ಪಬಾರದು.

ಅಡ್ಡ ನಿಂತಿರುವುದು ಕಾನೂನು. ಬ್ರಿಟಿಷ್ ಮ್ಯೂಸಿಯಮ್ಮಿನ ಕೈ ಕಟ್ಟಿರುವುದು 1963ರ ಕಾಯಿದೆ, ಕಿರೀಟವಿರುವ ಮ್ಯೂಸಿಯಮ್ಮಿನ ಕೈ ಕಟ್ಟಿರುವುದು 1983ರದು. ಎರಡನ್ನೂ ಮಾಡಿದ್ದು ಪಾರ್ಲಿಮೆಂಟು, ತಿದ್ದಬೇಕಾದ್ದೂ ಅದೇ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಬ್ರಿಟನ್ನಿನಲ್ಲಿ ಓದುವ, ದುಡಿಯುವ ನಮ್ಮ ತರುಣರು ಅಲ್ಲಿನ ಚುನಾವಣೆಯಲ್ಲಿ ಮತ ಹಾಕಬಹುದು. ಬಹಳ ಮಂದಿಗೆ ಇದು ತಿಳಿದೇ ಇಲ್ಲ. ಹೆಸರು ನೋಂದಾಯಿಸಿ. ಮತ ಕೇಳಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ: ಆ 11 ತಾಬೋತ್‌ಗಳನ್ನು ಕಳಿಸುವ ತಿದ್ದುಪಡಿಗೆ ನೀವು ಕೈ ಎತ್ತುತ್ತೀರಾ?