‘ಹಗುರ’ ಪುಸ್ತಕಗಳ ತೂಕ

(ಗ್ರಂಥಾಲಯ ಸಪ್ತಾಹದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಓದುವ ಹವ್ಯಾಸವನ್ನು ಪರದೆ ನುಂಗಿಹಾಕುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳುತ್ತಲೇ ಬಂದಿದ್ದೇವೆ. ಮೊದಲು ಸಿನಿಮಾ ಪರದೆಯ ಮೇಲೆ ಈ ಆರೋಪವಿತ್ತು. ಆಮೇಲೆ ಟಿ.ವಿ.ಯ ಮೇಲೆ, ಅನಂತರ ಕಂಪ್ಯೂಟರಿನ ಮೇಲೆ, ಈಗ ಅಂಗೈಯಲ್ಲಿರುವ ಫೋನಿನ ಮೇಲೆ. ಈ ಮಾತಿನಲ್ಲಿ ನಿಜವೆಷ್ಟು, ಭಯವೆಷ್ಟು ಎಂದು ತೂಗಿ ನೋಡಲು ಜಪಾನಿನ ಒಂದು ಪ್ರಕಾಶನ ಸಂಸ್ಥೆಯ ಕಥೆ ಒಳ್ಳೆಯ ತಕ್ಕಡಿಯಾಗಬಹುದು ಎಂದು ನನಗನಿಸಿದೆ.

ಸಂಸ್ಥೆಯ ಹೆಸರು ಆಸ್ಕಿ ಮೀಡಿಯಾ ವರ್ಕ್ಸ್. ಕಂಪ್ಯೂಟರ್ ಪತ್ರಿಕೆಗಳು, ‘ಮಾಂಗಾ’ ಎಂದು ಕರೆಯುವ ಚಿತ್ರಕಥೆಗಳು, ‘ಲೈಟ್ ನಾವೆಲ್’ ಎಂಬ ಹೆಸರಿನ ಪುಟ್ಟ ಕಾದಂಬರಿಗಳು, ಇವು ಅದರ ಸರಕು. ಗಂಭೀರ ಸಾಹಿತ್ಯದ ಅಂಗಳಕ್ಕೆ ಈ ಮೂರಕ್ಕೂ ಸುಲಭವಾಗಿ ಪ್ರವೇಶ ಸಿಕ್ಕಿದ್ದಿಲ್ಲ. ಆದರೂ ಪರದೆಯ ಮುಂದೆ ಕೂತ ಹುಡುಗ ಹುಡುಗಿಯರ ಕೈಗೆ ಅಚ್ಚಿನ ಪುಸ್ತಕ ಹಿಡಿಸಿದ್ದು ಇದೇ ಸರಕು. ಅದು ಹೇಗಾಯಿತು, ಅದಕ್ಕೆ ತೆತ್ತ ಬೆಲೆಯೇನು ಎಂಬುದು ಇಂದಿನ ನನ್ನ ವಿಷಯ.

ಈ ಸಂಸ್ಥೆ ಎರಡು ಹೊಳೆಗಳು ಕೂಡಿ ಆದದ್ದು. ಒಂದರ ಮೂಲ ಸಾಹಿತ್ಯದಲ್ಲಿದೆ, ಇನ್ನೊಂದರದ್ದು ಯಂತ್ರದಲ್ಲಿ.

ಮೊದಲ ಹೊಳೆ ಹುಟ್ಟಿದ್ದು 1945ರ ನವೆಂಬರಿನಲ್ಲಿ. ಯುದ್ಧ ಮುಗಿದು ಮೂರು ತಿಂಗಳಾಗಿತ್ತು. ಟೋಕಿಯೋ ನಗರದ ಬಹುಭಾಗ ಬಾಂಬಿನಿಂದ ಬೂದಿಯಾಗಿತ್ತು. ಆ ಹೊತ್ತಿನಲ್ಲಿ ಗೆನ್‌ಯೋಶಿ ಕಡೊಕಾವಾ ಎಂಬ ವಿದ್ವಾಂಸರು ಕಡೊಕಾವಾ ಶೋತೆನ್ ಎಂಬ ಪ್ರಕಾಶನವನ್ನು ಆರಂಭಿಸಿದರು. ಅವರು ಜಪಾನಿ ಪ್ರಾಚೀನ ಸಾಹಿತ್ಯದ ವಿದ್ಯಾರ್ಥಿ, ಹೈಕು ಕವಿ, ಪ್ರಸಿದ್ಧ ಜಾನಪದ ಪಂಡಿತ ಶಿನೊಬು ಒರಿಕುಚಿಯವರ ಶಿಷ್ಯ. 1949ರಲ್ಲಿ ಅವರು ‘ಬುಂಕೊ’ ಮಾಲೆಯನ್ನು ಆರಂಭಿಸಿದರು. ಬುಂಕೊ ಎಂದರೆ ಅಂಗೈಯಗಲದ, ಕಡಿಮೆ ಬೆಲೆಯ, ಜೇಬಿಗೆ ಇಳಿಯುವ ಪುಸ್ತಕ. ಮಾಲೆಗೆ ಬರೆದ ಪ್ರಕಟಣೆಯಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ನಮ್ಮ ಸೋಲು ಸೇನೆಯದ್ದಷ್ಟೇ ಆಗಿರಲಿಲ್ಲ, ಅದಕ್ಕಿಂತ ಹೆಚ್ಚಾಗಿ ಇನ್ನೂ ಎಳಸಾಗಿದ್ದ ನಮ್ಮ ಸಂಸ್ಕೃತಿಯ ಸೋಲಾಗಿತ್ತು. ಆದ್ದರಿಂದ ಒಳ್ಳೆಯ ಪುಸ್ತಕ ಅಗ್ಗವಾಗಿ ಎಲ್ಲರ ಕೈಗೂ ಸಿಗಬೇಕು. ಈ ಮಾತನ್ನು ಮರೆಯಬೇಡಿ. ಮುಂದಿನ ಕಥೆಯನ್ನೆಲ್ಲ ಇದರ ಬೆಳಕಿನಲ್ಲೇ ನೋಡಬೇಕಾಗಿದೆ.

1975ರಲ್ಲಿ ಗೆನ್‌ಯೋಶಿ ತೀರಿಕೊಂಡರು. ಹಿರಿಯ ಮಗ ಹರುಕಿ ಸಂಸ್ಥೆಯ ಅಧ್ಯಕ್ಷರಾದರು. ಅವರ ಹಾದಿ ತಂದೆಯದಕ್ಕಿಂತ ತೀರ ಬೇರೆ. ಮರುವರ್ಷವೇ ಸೇಶಿ ಯೊಕೊಮಿಜೊ ಅವರ ಪತ್ತೇದಾರಿ ಕಾದಂಬರಿ ‘ಇನುಗಾಮಿ ಮನೆತನ’ವನ್ನು ಕೊನ್ ಇಚಿಕಾವಾ ನಿರ್ದೇಶನದಲ್ಲಿ ಚಲನಚಿತ್ರವಾಗಿಸಿದರು. ಪುಸ್ತಕ ಚಿತ್ರಕ್ಕೆ ಜಾಹೀರಾತು, ಚಿತ್ರ ಪುಸ್ತಕಕ್ಕೆ ಜಾಹೀರಾತು, ಚಿತ್ರದ ಹಾಡು ಎರಡಕ್ಕೂ ಜಾಹೀರಾತು. ಓದಿ ನೋಡುವಿರೋ, ನೋಡಿ ಓದುವಿರೋ ಎಂಬ ಅರ್ಥದ ಅವರ ಘೋಷವಾಕ್ಯ ಜಪಾನಿನಲ್ಲಿ ಮನೆಮಾತಾಯಿತು. ಒಂದೇ ಕಥೆಯನ್ನು ಹಲವು ಮಾಧ್ಯಮಗಳಲ್ಲಿ ಏಕಕಾಲಕ್ಕೆ ಹರಿಬಿಡುವ ಈ ಉಪಾಯಕ್ಕೆ ‘ಮೀಡಿಯಾ ಮಿಕ್ಸ್’ ಎಂಬ ಹೆಸರು ನಿಂತಿತು.

ತಮ್ಮ ತ್ಸುಗುಹಿಕೋ ಇದೇ ಉಪಾಯವನ್ನು ಪತ್ರಿಕೆಗಳಲ್ಲಿ ಪ್ರಯೋಗಿಸಿದರು. ಅಣ್ಣನ ಕಣ್ಣು ದೊಡ್ಡ ಪರದೆಯ ಮೇಲಿದ್ದರೆ ತಮ್ಮನ ಕಣ್ಣು ಮನೆಯೊಳಗಿನ ಸಣ್ಣ ಪರದೆಯ ಮೇಲೆ. 1982ರಲ್ಲಿ ಟಿ.ವಿ. ಕಾರ್ಯಕ್ರಮಗಳ ಪತ್ರಿಕೆ, 1983ರಲ್ಲಿ ‘ಕಾಂಪ್ಟಿಕ್’ ಎಂಬ ಕಂಪ್ಯೂಟರ್ ಪತ್ರಿಕೆ, 1985ರಲ್ಲಿ ಅನಿಮೇಶನ್‌ಗೆ ಮೀಸಲಾದ ‘ನ್ಯೂಟೈಪ್’ ಬಂದವು. 1986ರಲ್ಲಿ ಕಾಂಪ್ಟಿಕ್ ಪತ್ರಿಕೆಯಲ್ಲಿ ಒಂದು ವಿಚಿತ್ರ ಧಾರಾವಾಹಿ ಆರಂಭವಾಯಿತು. ಕೆಲವರು ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು, ದಾಳ ಉರುಳಿಸಿ ಆಡಿದ ಆಟದ ಮಾತುಕತೆಯನ್ನೇ ಅಚ್ಚು ಹಾಕಿದ್ದರು. ಆ ಆಟವನ್ನು ನಡೆಸಿಕೊಟ್ಟ ರ್‍ಯೊ ಮಿಜುನೊ 1988ರಲ್ಲಿ ಅದನ್ನೇ ಕಾದಂಬರಿಯಾಗಿ ಬರೆದರು. ಅದೇ ‘ಲೋಡೋಸ್ ದ್ವೀಪದ ಯುದ್ಧಗಾಥೆ’. ಆಟ ಮಾತಾಗಿ, ಮಾತು ಪತ್ರಿಕೆಗೆ ಬಂದು, ಪತ್ರಿಕೆಯಿಂದ ಪುಸ್ತಕ ಹುಟ್ಟಿದ ಈ ಕ್ರಮದಲ್ಲಿ ಲೈಟ್ ನಾವೆಲ್‌ನ ಬೀಜವಿದೆ.

ಇನ್ನು ಎರಡನೆಯ ಹೊಳೆ. 1977ರಲ್ಲಿ ಕಜುಹಿಕೋ ನಿಶಿ ಎಂಬ ಇಪ್ಪತ್ತೊಂದರ ತರುಣ ಇಬ್ಬರು ಗೆಳೆಯರೊಡನೆ ಸೇರಿ ‘ಆಸ್ಕಿ’ ಎಂಬ ಮಾಸಪತ್ರಿಕೆ ಹೊರತಂದ. ಆಸ್ಕಿ ಎಂಬುದು ಕಂಪ್ಯೂಟರಿಗೆ ಅಕ್ಷರಗಳನ್ನು ಗುರುತಿಸಲು ಅಮೆರಿಕದಲ್ಲಿ ರೂಪಿಸಿದ ಸಂಕೇತ ಪಟ್ಟಿಯ ಹೆಸರು. ಒಟ್ಟು 128 ಸಂಕೇತಗಳ ಆ ಪಟ್ಟಿಯಲ್ಲಿ ಜಪಾನಿ ಲಿಪಿಯ ಒಂದಕ್ಷರಕ್ಕೂ ಜಾಗವಿರಲಿಲ್ಲ. ನಮ್ಮ ಕನ್ನಡಕ್ಕೂ ಇರಲಿಲ್ಲ. ಆ ಹೆಸರನ್ನೇ ಮುಖಪುಟಕ್ಕೆ ಹಾಕಿಕೊಂಡ ಪತ್ರಿಕೆ ಕಂಪ್ಯೂಟರನ್ನು ಜಪಾನಿನ ಸಾಮಾನ್ಯ ಓದುಗನಿಗೆ ಜಪಾನಿ ಭಾಷೆಯಲ್ಲೇ ಪರಿಚಯಿಸಿತು. ಆ ಕಾಲದ ಕಂಪ್ಯೂಟರ್ ಪತ್ರಿಕೆಗಳಲ್ಲಿ ಪ್ರೋಗ್ರಾಮುಗಳನ್ನು ಸಾಲು ಸಾಲಾಗಿ ಅಚ್ಚು ಹಾಕುತ್ತಿದ್ದರು. ಓದುಗರು ಅವನ್ನು ಒಂದೊಂದೇ ಅಕ್ಷರವಾಗಿ ಯಂತ್ರಕ್ಕೆ ಬೆರಳಚ್ಚಿಸಬೇಕಿತ್ತು. ಒಂದು ಚುಕ್ಕೆ ತಪ್ಪಿದರೂ ಯಂತ್ರ ಮುಷ್ಕರ ಹೂಡುತ್ತಿತ್ತು. ಅಷ್ಟು ಎಚ್ಚರದಿಂದ ಅಚ್ಚಿನ ಪುಟ ಓದಿದವರು ಬಹುಶಃ ವೇದಪಾಠಿಗಳು ಮಾತ್ರ!

1978ರಲ್ಲಿ ನಿಶಿ ಅಮೆರಿಕದಲ್ಲಿ ಬಿಲ್ ಗೇಟ್ಸ್ ಅವರನ್ನು ಕಂಡರು. ಮುಂದೆ ಕೆಲವು ವರ್ಷ ಆಸ್ಕಿ ಸಂಸ್ಥೆಯೇ ಪೂರ್ವ ಏಷ್ಯಾದಲ್ಲಿ ಮೈಕ್ರೋಸಾಫ್ಟ್‌ನ ಪ್ರತಿನಿಧಿಯಾಗಿತ್ತು. 1983ರಲ್ಲಿ ಎರಡೂ ಸೇರಿ ಮನೆಗಳಲ್ಲಿ ಬಳಸುವ ಕಂಪ್ಯೂಟರಿಗೆ ‘ಎಂಎಸ್ಎಕ್ಸ್’ ಎಂಬ ಸಮಾನ ಮಾದರಿಯನ್ನು ಪ್ರಕಟಿಸಿದವು. 1986ರಲ್ಲಿ ಈ ಸಂಬಂಧ ಮುರಿಯಿತು. ಅದೇ ವರ್ಷ ಆಸ್ಕಿ ವಿಡಿಯೋ ಆಟಗಳಿಗಾಗಿ ತೆಗೆದ ‘ಫ್ಯಾಮಿಕಾಮ್ ತ್ಸುಶಿನ್’ ಪತ್ರಿಕೆ ‘ಫ್ಯಾಮಿತ್ಸು’ ಎಂಬ ಹೆಸರಿನಿಂದ ಇಂದಿಗೂ ನಡೆಯುತ್ತಿದೆ.

1990ರ ದಶಕದ ಆರಂಭದಲ್ಲಿ ಎರಡೂ ಮನೆಗಳು ಒಡೆದವು. ಆಸ್ಕಿಯ ಮೂವರು ಸ್ಥಾಪಕರಲ್ಲಿ ಇಬ್ಬರು ನಿಶಿಯವರಿಂದ ದೂರವಾದರು. ಅವರಲ್ಲೊಬ್ಬರು 1992ರಲ್ಲಿ ಇಂಪ್ರೆಸ್ ಎಂಬ ಬೇರೆ ಪ್ರಕಾಶನ ತೆರೆದರು. ಅದೇ ವರ್ಷ ಕಡೊಕಾವಾ ಸೋದರರ ನಡುವಿನ ವೈಮನಸ್ಯ ಬಹಿರಂಗವಾಗಿ ತ್ಸುಗುಹಿಕೋ ಸಂಸ್ಥೆ ಬಿಟ್ಟರು. ಅವರ ಜೊತೆ ಕೆಲಸ ಮಾಡುತ್ತಿದ್ದವರ ತಂಡವೂ ಹೊರಬಂದು ಮೀಡಿಯಾ ವರ್ಕ್ಸ್ ಎಂಬ ಹೊಸ ಸಂಸ್ಥೆಯನ್ನು ಕಟ್ಟಿತು. ಹೊಸ ಪ್ರಕಾಶಕರ ಪುಸ್ತಕ ಅಂಗಡಿಗೆ ತಲುಪುವುದೇ ಕಷ್ಟ; ಆದ್ದರಿಂದ ಶುಫುನೊತೊಮೊ ಎಂಬ ಹಳೆಯ ಸಂಸ್ಥೆಯ ಮೂಲಕ ಮಾರಾಟ ಮಾಡಿಕೊಂಡರು. ಪತ್ರಿಕೆಗಳಿಗೆಲ್ಲ ‘ಡೆಂಗೆಕಿ’ ಎಂಬ ಹೆಸರು ಸೇರಿಸಿದರು. ಡೆಂಗೆಕಿ ಎಂದರೆ ವಿದ್ಯುದಾಘಾತ. 1993ರ ಜೂನಿನಲ್ಲಿ ‘ಡೆಂಗೆಕಿ ಬುಂಕೊ’ ಮಾಲೆ ಹೊರಟಿತು. ಅದೇ ವರ್ಷ ಹರುಕಿ ಮಾದಕ ವಸ್ತುವಿನ ಪ್ರಕರಣದಲ್ಲಿ ಬಂಧನಕ್ಕೊಳಗಾದರು. ತ್ಸುಗುಹಿಕೋ ಮನೆಗೆ ಮರಳಿ ಅಧ್ಯಕ್ಷರಾದರು. ಆದರೆ ಮನೆ ಬಿಟ್ಟು ಕಟ್ಟಿದ ಹೊಸ ಸಂಸ್ಥೆ ಮುಚ್ಚಲಿಲ್ಲ, ತನ್ನ ಹಾದಿಯಲ್ಲೇ ಬೆಳೆಯಿತು.

ಲೈಟ್ ನಾವೆಲ್ ಎಂದರೇನು? ಹೆಸರು ಇಂಗ್ಲಿಷಿನದಾದರೂ ಇಂಗ್ಲಿಷರಿಗೆ ಗೊತ್ತಿಲ್ಲದ, ಜಪಾನೀಯರೇ ಕಟ್ಟಿಕೊಂಡ ಪದ ಅದು. ಆಕಾರ ಗೆನ್‌ಯೋಶಿಯವರ ಅದೇ ಬುಂಕೊ. ಮುಖಪುಟದಲ್ಲಿ ಮಾಂಗಾ ಶೈಲಿಯ ಚಿತ್ರ, ಆರಂಭದಲ್ಲಿ ಕೆಲವು ಬಣ್ಣದ ಪುಟಗಳು, ಒಳಗೆ ಅಲ್ಲಲ್ಲಿ ರೇಖಾಚಿತ್ರ. ಚಿಕ್ಕ ಚಿಕ್ಕ ಪ್ಯಾರಾಗಳು, ತುಂಬ ಸಂಭಾಷಣೆ, ಶಾಲೆಯ ಮಕ್ಕಳು ಆಡುವ ಮಾತು. ಕಥಾವಸ್ತು ಯುದ್ಧ, ಪ್ರೇಮ, ಮಾಂತ್ರಿಕ ಲೋಕ, ಇಲ್ಲವೇ ಬರೀ ತರಗತಿಯ ಹರಟೆ. ‘ಹಗುರ’ ಎಂಬ ವಿಶೇಷಣ ಇದಕ್ಕೆ ಅಂಟಿಕೊಂಡದ್ದು ಹೀಗೆ.

ನನಗೆ ಮುಖ್ಯವಾಗಿ ಕಾಣುವುದು ಈ ಪುಸ್ತಕಗಳ ಆಕಾರಕ್ಕಿಂತ ಅವನ್ನು ಬರೆದವರು ಬಂದ ದಾರಿ. 1994ರಿಂದ ಮೀಡಿಯಾ ವರ್ಕ್ಸ್ ಪ್ರತಿ ವರ್ಷ ಕಾದಂಬರಿ ಸ್ಪರ್ಧೆ ನಡೆಸಿತು. ಮೊದಲಿಗೆ ಅದರ ಹೆಸರೇ ‘ಡೆಂಗೆಕಿ ಗೇಮ್ ಕಾದಂಬರಿ ಬಹುಮಾನ’. ಪರಿಚಯ ಪತ್ರ ಬೇಡ, ಪದವಿ ಬೇಡ, ಗುರುವಿನ ಶಿಫಾರಸು ಬೇಡ. ಹಸ್ತಪ್ರತಿ ಕಳಿಸಿದರೆ ಸಾಕು. ಸ್ಪರ್ಧೆಯಲ್ಲಿ ಗೆದ್ದ ಕೌಹೇ ಕಾದೊನೊ ಅವರ ‘ಬೂಗಿಪಾಪ್’ ಕಾದಂಬರಿ 1998ರಲ್ಲಿ ಅಚ್ಚಾಯಿತು. ಒಂದು ಪ್ರೌಢಶಾಲೆಯಲ್ಲಿ ನಡೆದ ಒಂದೇ ಘಟನೆಯನ್ನು ಹಲವು ವಿದ್ಯಾರ್ಥಿಗಳ ಕಣ್ಣಿನಿಂದ ಬಿಡಿಬಿಡಿಯಾಗಿ ಹೇಳುವ ಕಥೆ ಅದು. ಯಾರಿಗೂ ಪೂರ್ತಿ ಸತ್ಯ ಗೊತ್ತಿಲ್ಲ. ಎಲ್ಲವನ್ನೂ ಕೂಡಿಸಿ ನೋಡುವ ಕೆಲಸ ಓದುಗನದು. ಈ ತಂತ್ರವನ್ನು ಹಗುರ ಎನ್ನುವುದು ಕಷ್ಟ.

ಇನ್ನೊಂದು ಉದಾಹರಣೆ ಇದಕ್ಕಿಂತ ಸ್ವಾರಸ್ಯಕರ. ರೆಕಿ ಕವಾಹರಾ ಎಂಬವರು ಈ ಸ್ಪರ್ಧೆಗೆಂದು ಒಂದು ಕಾದಂಬರಿ ಬರೆದರು. ಅದು ನಿಗದಿತ ಪುಟಮಿತಿಯನ್ನು ದಾಟಿಹೋಯಿತು. ಕಳಿಸಲಾರದೆ 2002ರಿಂದ ತಮ್ಮದೇ ಜಾಲತಾಣದಲ್ಲಿ ಅದನ್ನು ಧಾರಾವಾಹಿಯಾಗಿ ಹಾಕುತ್ತ ಹೋದರು. ವರ್ಷಗಳ ನಂತರ ಬೇರೊಂದು ಕೃತಿಯನ್ನು ಸ್ಪರ್ಧೆಗೆ ಕಳಿಸಿ 2008ರಲ್ಲಿ ಪ್ರಥಮ ಬಹುಮಾನ ಪಡೆದರು. ಆಗ ಸಂಪಾದಕರು ಜಾಲತಾಣದಲ್ಲಿದ್ದ ಹಳೆಯ ಬರಹವನ್ನೂ ಓದಿದರು. 2009ರಲ್ಲಿ ಅದು ‘ಸ್ವೋರ್ಡ್ ಆರ್ಟ್ ಆನ್‌ಲೈನ್’ ಎಂಬ ಹೆಸರಿನಲ್ಲಿ ಪುಸ್ತಕವಾಗಿ, ಮುಂದೆ ಅನಿಮೇಶನ್ ಆಗಿ ಜಗತ್ತನ್ನೆಲ್ಲ ಸುತ್ತಿತು. ಅದರ ವಸ್ತುವೇನು ಗೊತ್ತೇ? ಕಂಪ್ಯೂಟರ್ ಆಟದೊಳಗೆ ಸಿಕ್ಕಿಬಿದ್ದು ಹೊರಬರಲಾರದ ಸಾವಿರಾರು ಜನರ ಕಥೆ. ಪರದೆಯ ಭಯವನ್ನು ಪರದೆಯ ಮೇಲೆ ಬರೆದು, ಅಚ್ಚಿನ ಪುಸ್ತಕದಲ್ಲಿ ಓದಿಸಿದಂತಾಯಿತು.

ಮಾಂಗಾದ ವಿಷಯವೂ ಹೀಗೆಯೇ. ‘ಡೆಂಗೆಕಿ ದಾಯೋ’ ಪತ್ರಿಕೆಯಲ್ಲಿ 2003ರಿಂದ ಬರುತ್ತಿರುವ ಕಿಯೊಹಿಕೋ ಅಜುಮಾ ಅವರ ‘ಯೊತ್ಸುಬಾ’ದಲ್ಲಿ ಯುದ್ಧವಿಲ್ಲ, ಮಂತ್ರವಿಲ್ಲ. ಐದು ವರ್ಷದ ಹುಡುಗಿಯೊಬ್ಬಳು ಜೀರುಂಡೆ, ಸೈಕಲ್, ನೆರೆಮನೆ ಇವನ್ನೆಲ್ಲ ಮೊದಲ ಸಲ ಕಂಡು ಬೆರಗಾಗುತ್ತಾಳೆ, ಅಷ್ಟೇ ಕಥೆ.

2008ರ ಏಪ್ರಿಲ್ 1ರಂದು ಮೀಡಿಯಾ ವರ್ಕ್ಸ್ ಮತ್ತು ಆಸ್ಕಿ ಒಂದಾಗಿ ಆಸ್ಕಿ ಮೀಡಿಯಾ ವರ್ಕ್ಸ್ ಆಯಿತು. ಅಷ್ಟರಲ್ಲಿ ಎರಡೂ ಕಡೊಕಾವಾ ಸಮೂಹದೊಳಗೆ ಸೇರಿದ್ದವು. ಮರುವರ್ಷ, ಲೈಟ್ ನಾವೆಲ್ ಓದಿ ಬೆಳೆದವರಿಗಾಗಿ ‘ಮೀಡಿಯಾ ವರ್ಕ್ಸ್ ಬುಂಕೊ’ ಎಂಬ ಮಾಲೆ ಬಂತು. ಇದರಲ್ಲಿ 2011ರಲ್ಲಿ ಆರಂಭವಾದ ಎನ್ ಮಿಕಾಮಿ ಅವರ ‘ಬಿಬ್ಲಿಯಾ’ ಕಾದಂಬರಿ ಸರಣಿಯ ಕಡೆಗೆ ನಿಮ್ಮ ಗಮನ ಸೆಳೆಯುತ್ತೇನೆ. ಕಾಮಾಕುರಾದ ಹಳೆ ಪುಸ್ತಕದಂಗಡಿಯೊಂದರ ಒಡತಿ, ಪುಸ್ತಕಗಳೊಳಗೆ ಅಡಗಿದ ಮನುಷ್ಯರ ರಹಸ್ಯಗಳನ್ನು ಬಿಡಿಸುತ್ತಾಳೆ. ಮೊದಲ ಕಥೆಯೇ ಸೊಸೆಕಿಯ ಸಮಗ್ರ ಕೃತಿಗಳ ಸುತ್ತ ಇದೆ. ಮುಂದೆ ಒಸಾಮು ದಜೈಯ ಅಪರೂಪದ ಪ್ರತಿಯೊಂದು ಬರುತ್ತದೆ. ಈ ಸರಣಿ ಲಕ್ಷ ಲಕ್ಷ ಸಂಖ್ಯೆಯಲ್ಲಿ ಮಾರಾಟವಾಗಿ ಟಿ.ವಿ. ಧಾರಾವಾಹಿಯೂ ಆಯಿತು. ಆಟದ ಪತ್ರಿಕೆಗಳಿಂದ ಹೊರಟ ದಾರಿ ಸುತ್ತಿಬಳಸಿ ಜಪಾನಿನ ಆಧುನಿಕ ಮಹಾಲೇಖಕರ ಮನೆ ಬಾಗಿಲಿಗೆ ಬಂದು ನಿಂತಿತು. ಗೆನ್‌ಯೋಶಿಯವರು ಇದನ್ನು ಕಂಡಿದ್ದರೆ ಮುಖ ತಿರುಗಿಸುತ್ತಿದ್ದರೆಂದು ನನಗನಿಸುವುದಿಲ್ಲ.

ಹಾಗಾದರೆ ಎಲ್ಲವೂ ಸುಖಾಂತವೇ? ಇಲ್ಲ. 2013ರ ಅಕ್ಟೋಬರಿನಲ್ಲಿ ಕಡೊಕಾವಾ ತನ್ನ ಹಲವು ಅಂಗಸಂಸ್ಥೆಗಳನ್ನು ತನ್ನೊಳಗೆ ಕರಗಿಸಿಕೊಂಡಿತು. ಆಸ್ಕಿ ಮೀಡಿಯಾ ವರ್ಕ್ಸ್ ಪ್ರತ್ಯೇಕ ಕಂಪೆನಿಯಾಗಿ ಉಳಿಯಲಿಲ್ಲ. 2015ರ ಮೇ ತಿಂಗಳಲ್ಲಿ ‘ವೀಕ್ಲಿ ಆಸ್ಕಿ’ಯ ಅಚ್ಚು ನಿಂತು ಅದು ಜಾಲಕ್ಕೆ ಸರಿಯಿತು. ಕಂಪ್ಯೂಟರನ್ನು ಮನೆಮನೆಗೆ ಪರಿಚಯಿಸಿದ ಪತ್ರಿಕೆಯ ಕಾಗದವನ್ನು ಕಂಪ್ಯೂಟರೇ ಕಿತ್ತುಕೊಂಡಿತು. ‘ಹಗುರ’ವೆನಿಸಿದ ಕಾದಂಬರಿಗಳು ಮಾತ್ರ ಕಾಗದದ ಮೇಲೆ ಉಳಿದವು. ಮಾಹಿತಿಗೆ ಕಾಗದ ಬೇಕಿಲ್ಲ, ಕಥೆಗೆ ಇನ್ನೂ ಬೇಕು ಎಂದು ಇದರಿಂದ ತಿಳಿಯಬಹುದೇನೋ.

ಎಲ್ಲವೂ ಒಂದೇ ಕೈಯಲ್ಲಿ ಸೇರಿದರೆ ಆಗುವ ಅಪಾಯ 2024ರ ಜೂನಿನಲ್ಲಿ ಕಂಡಿತು. ದುಷ್ಕರ್ಮಿಗಳು ಕಡೊಕಾವಾದ ಕಂಪ್ಯೂಟರುಗಳೊಳಗೆ ನುಗ್ಗಿ ಬೀಗ ಜಡಿದರು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಖಾಸಗಿ ವಿವರ ಸೋರಿತು. ಅಚ್ಚಾದ ಪುಸ್ತಕಗಳ ರವಾನೆಯೂ ಕುಂಟಿತು. ಇದು ಕಣ್ಣಿಗೆ ಕಾಣುವ ಅಪಾಯ. ಕಾಣದ ಅಪಾಯ ಮೀಡಿಯಾ ಮಿಕ್ಸ್‌ನಲ್ಲೇ ಇದೆ. ಕಾದಂಬರಿ, ಮಾಂಗಾ, ಅನಿಮೇಶನ್, ಆಟ, ಗೊಂಬೆ ಎಲ್ಲವೂ ಒಂದೇ ಸರಪಳಿಯ ಕೊಂಡಿಗಳಾದಾಗ ಲೇಖಕನಿಗೆ ಸರಪಳಿಯ ಮುಂದಿನ ಕೊಂಡಿಯೇ ಕಣ್ಣಿಗೆ ಕಟ್ಟತೊಡಗುತ್ತದೆ. ಒಂದು ಕಥೆ ಗೆದ್ದರೆ ಅದರ ಅಚ್ಚಿನಲ್ಲೇ ಎರಕ ಹೊಯ್ದ ಹತ್ತು ಕಥೆಗಳು ಬರುತ್ತವೆ. ಆಗ ಪುಸ್ತಕ ಹಗುರವಾಗುವುದು ಚಿತ್ರಗಳಿಂದಲೂ ಅಲ್ಲ, ಆಡುಮಾತಿನಿಂದಲೂ ಅಲ್ಲ. ಹೇಳಲು ಏನೂ ಇಲ್ಲದಿರುವುದರಿಂದ.

ಮಿತ್ರರೇ, ಪರದೆ ಓದನ್ನು ಕೊಲ್ಲುತ್ತದೆಯೇ ಎಂಬ ಪ್ರಶ್ನೆಗೆ ಈ ಕಥೆ ಕೊಡುವ ಉತ್ತರ ಇಷ್ಟೇ. ಎಳೆಯರು ಎಲ್ಲಿ ಕೂತಿದ್ದಾರೋ ಅಲ್ಲಿಗೆ ಪುಸ್ತಕ ಹೋದರೆ ಅವರು ಓದುತ್ತಾರೆ. ಅವರಿಗೂ ಬರೆಯಲು ಬಾಗಿಲು ತೆರೆದಿಟ್ಟರೆ ಬರೆಯುತ್ತಾರೆ ಕೂಡ. ಸೋತ ದೇಶದ ವಿದ್ವಾಂಸರೊಬ್ಬರು ಅಗ್ಗದ ಪುಟ್ಟ ಪುಸ್ತಕದಲ್ಲಿ ಇಟ್ಟ ನಂಬಿಕೆ ಹೀಗೆ ಅವರು ಊಹಿಸಿರದ ರೂಪದಲ್ಲಿ ಫಲಿಸಿತು. ನಾವು ಕಾಯಬೇಕಾದ್ದು ಆ ತೆರೆದ ಬಾಗಿಲನ್ನು. ಪುಸ್ತಕದ ತೂಕವನ್ನು ಮುಖಪುಟ ನೋಡಿ ಹೇಳುವ ಅವಸರ ನಮಗೆ ಬೇಡ.