ಮನೆಯ ದಖನಿ, ಶಾಲೆಯ ವ್ಯಾಕರಣ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನಮ್ಮ ಮನೆಗಳಲ್ಲಿ ಆಡುವ ದಖನಿಯನ್ನು 'ಕೆಟ್ಟುಹೋದ ಉರ್ದು' ಎಂದು ಹೀಯಾಳಿಸುವವರಿದ್ದಾರೆ. ಇದನ್ನೇ ಕೇಳಿ ಕೇಳಿ ಮಗು ಉರ್ದು ತರಗತಿಯಲ್ಲೂ ಬಾಯಿ ಬಿಡುವುದಿಲ್ಲ, ಕನ್ನಡ ತರಗತಿಯಲ್ಲೂ ಬಿಡುವುದಿಲ್ಲ. ವ್ಯಾಕರಣ ಏನು ಹೇಳುತ್ತದೆ ನೋಡೋಣ.

ಪಠ್ಯಪುಸ್ತಕದ ಉರ್ದುವಿನಲ್ಲಿ 'ಲಡ್ಕೇ ನೇ ರೋಟೀ ಖಾಯೀ' ಎನ್ನಬೇಕು. ತಿಂದವನು ಹುಡುಗ, ಆದರೆ 'ರೋಟೀ' ಸ್ತ್ರೀಲಿಂಗವಾದ್ದರಿಂದ ಕ್ರಿಯಾಪದ 'ಖಾಯೀ' ಆಯಿತು. ಅಂದರೆ ಕ್ರಿಯಾಪದ ಕರ್ತೃವನ್ನು ಬಿಟ್ಟು ಕರ್ಮದ ಹಿಂದೆ ಹೋಯಿತು. ನಮ್ಮ ಮನೆಯಲ್ಲಿ 'ಲಡ್ಕಾ ರೋಟೀ ಖಾಯಾ' ಎನ್ನುತ್ತೇವೆ. ಕನ್ನಡದಲ್ಲಿ 'ಹುಡುಗ ರೊಟ್ಟಿ ತಿಂದನು'. ಈ ಎರಡರಲ್ಲೂ ಕ್ರಿಯಾಪದ ಕರ್ತೃವನ್ನೇ ಅನುಸರಿಸುತ್ತದೆ. 'ಬರ್ತೀನಿ ಅಂತ ಹೇಳಿದ' ಎಂಬುದಕ್ಕೆ ನಮ್ಮಲ್ಲಿ 'ಆತೂಂ ಬೋಲ್ಕೇ ಬೋಲ್ಯಾ'. 'ಅಂತ' ಇದ್ದ ಜಾಗದಲ್ಲೇ 'ಬೋಲ್ಕೇ' ಕೂತಿದೆ. ಇದು ಕೆಟ್ಟದ್ದಲ್ಲ, ಶತಮಾನಗಳ ನೆರೆಹೊರೆಯ ಫಲ. ಬಿಜಾಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹ (ಆಳ್ವಿಕೆ 1580–1627) 'ಕಿತಾಬ್-ಎ-ನೌರಸ್' ರಚಿಸಿದ್ದು ದಖನಿಯಲ್ಲೇ.

ಹಾಗೆಂದು ಉರ್ದು ಪರೀಕ್ಷೆಯಲ್ಲಿ 'ನೇ' ಬಿಟ್ಟು ಬರೆದರೆ ಅಂಕ ಹೋಗುತ್ತದೆ, ಅದನ್ನು ಕಲಿಯಲೇಬೇಕು.

ತೊಡಕಿರುವುದು ಲಿಂಗದಲ್ಲಿ. ಉರ್ದುವಿನಲ್ಲಿ ಲಾರಿಯೂ ಹೆಣ್ಣು, 'ಲಾರೀ ಆಯೀ'. ಕನ್ನಡದಲ್ಲಿ ಕೊಬ್ಬರಿ ತುಂಬಿದ ಲಾರಿ 'ಬಂತು'; ಅದು ನಪುಂಸಕ. ಇನ್ನು ಹುಡುಗಿ ಉರ್ದುವಿನಲ್ಲಿ 'ಮೈಂ ಆಯೀ' ಎನ್ನಬೇಕು, ಹುಡುಗ 'ಮೈಂ ಆಯಾ'. ಕನ್ನಡದಲ್ಲಿ ಇಬ್ಬರಿಗೂ 'ನಾನು ಬಂದೆ'. ಕನ್ನಡ ಹೆಣ್ಣು ಗಂಡು ಕೇಳುವುದು 'ಬಂದಳು, ಬಂದನು' ಎನ್ನುವಾಗ ಮಾತ್ರ. 'ಅಮ್ಮ ಬಂದರು' ಎಂದು ಗೌರವ ಕೊಟ್ಟರೆ ಅಲ್ಲೂ ಕೇಳುವುದಿಲ್ಲ!

ಕ್ರಿಯಾವಿಶೇಷಣಕ್ಕೆ ಬನ್ನಿ. ಉರ್ದುವಿನ 'ಅಚ್ಛಾ ಪಢ್ತಾ ಹೈ' ನೆನಪಿನಲ್ಲಿ ಕೆಲವರು 'ಒಳ್ಳೆಯ ಓದುತ್ತಾನೆ' ಎಂದು ಬರೆಯುತ್ತಾರೆ. 'ಒಳ್ಳೆಯ' ಎಂಬುದು ಹುಡುಗನಿಗೋ ಪುಸ್ತಕಕ್ಕೋ ಸೇರುವ ಮಾತು. ಓದುವ ರೀತಿ ಹೇಳಲು 'ಚೆನ್ನಾಗಿ' ಬೇಕು. 'ಹೇಗೆ?' ಎಂದು ಕ್ರಿಯಾಪದವನ್ನು ಕೇಳಿ, ಸಿಗುವ ಉತ್ತರವೇ ಇಂಥ ಕ್ರಿಯಾವಿಶೇಷಣ. ನಮ್ಮ 'ಜೋರ್ ಸೇ' ಕನ್ನಡದಲ್ಲಿ 'ಜೋರಾಗಿ', 'ಖುಷೀ ಸೇ' ಎಂಬುದು 'ಖುಷಿಯಿಂದ'. ಪದ ಗೊತ್ತಿರುವುದೇ, ಬಾಲ ಮಾತ್ರ ಬೇರೆ.

ಇಂದು ಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡಿ: ಅವನು ಜೋರಾಗಿ ಕೂಗಿದನು, ಅವಳು ಜೋರಾಗಿ ಕೂಗಿದಳು, ತೆಂಗಿನಕಾಯಿ ಜೋರಾಗಿ ಬಿತ್ತು. ಕ್ರಿಯಾಪದದ ಕೊನೆ ಮೂರು ಸಲ ಬದಲಾಯಿತು, 'ಜೋರಾಗಿ' ಕದಲಲಿಲ್ಲ.