ಅಂದವನ್ನು ಎಲ್ಲಿ ಖರ್ಚು ಮಾಡಬೇಕು

ಇಂದು ಪದವಿ ಪಡೆಯುತ್ತಿರುವ ಗೆಳೆಯರೆ,

ಕೃಷಿ ಪಂಪ್‌ಸೆಟ್ ತಯಾರಿಸುವ ಒಂದು ಕಂಪನಿಗೆ ಹಿಂದೆ ನಾನು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಕಂಪನಿಯ ಹೆಸರು ಬೇಡ. ತಪ್ಪು ಅವರದಲ್ಲ, ನನ್ನದು. ಪುಟ ತೆರೆದರೆ ಸ್ಕ್ರೀನ್ ತುಂಬ ಒಂದು ನೀರಿನ ಹನಿ. ಅದು ನಿಧಾನವಾಗಿ ಬಿದ್ದು ಬಿರುಕು ಬಿಟ್ಟ ನೆಲದೊಳಗೆ ಇಳಿಯುವ ವಿಡಿಯೊ. ಚಿತ್ರಕ್ಕೆ ಯಾವುದೂ ಅಡ್ಡ ಬರಬಾರದೆಂದು ಮೆನುವನ್ನು ಮೂಲೆಯ ಮೂರು ಗೆರೆಗಳ ಹಿಂದೆ ಅಡಗಿಸಿದ್ದೆ. ಮೀಟಿಂಗಿನಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಿದಾಗ ಎಲ್ಲರೂ ಮೆಚ್ಚಿದರು. ನನಗೂ ಹೆಮ್ಮೆಯಾಗಿತ್ತು.

ಕೆಲವು ತಿಂಗಳ ನಂತರ ಅವರ ಡೀಲರ್ ಒಬ್ಬರ ಅಂಗಡಿಗೆ ಹೋಗಿದ್ದೆ. ಐವತ್ತು ದಾಟಿದ ರೈತರೊಬ್ಬರು ಕೌಂಟರಿನ ಮುಂದೆ ನಿಂತು ಮೊಬೈಲಿನಲ್ಲಿ ನನ್ನದೇ ಪುಟ ತೆರೆದಿದ್ದರು. ಅವರ ಪಂಪಿನಲ್ಲಿ ಶಾಫ್ಟ್ ಬಳಿ ನೀರು ಸೋರುತ್ತಿತ್ತು. ಅಲ್ಲಿಗೆ ಹಾಕುವ ಬಿಡಿಭಾಗ ಆ ಅಂಗಡಿಯಲ್ಲಿ ಖಾಲಿಯಾಗಿತ್ತು, ಬೇರೆಲ್ಲಿ ಸಿಗುತ್ತದೆ ಎಂದು ನೋಡುತ್ತಿದ್ದರು. ನನ್ನ ನೀರಿನ ಹನಿ ಅರ್ಧ ಲೋಡ್ ಆಗಿ ಗಾಳಿಯಲ್ಲೇ ನಿಂತಿತು. ಅವರು ಹೆಬ್ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಸರಿಸಿದರು. ಬೆರಳು ಆ ಮೂರು ಗೆರೆಗಳ ಮೇಲೆ ಎರಡು ಸಲ ಹಾದುಹೋಯಿತು, ಒತ್ತಲಿಲ್ಲ. ಅದು ಒತ್ತುವ ವಸ್ತು ಎಂದು ಅವರಿಗೆ ಅನ್ನಿಸಲು ನಾನು ಯಾವ ಕಾರಣವನ್ನೂ ಕೊಟ್ಟಿರಲಿಲ್ಲ. ನಾನು ಯಾರೆಂದು ತಿಳಿಯದೆ ಫೋನನ್ನು ನನ್ನ ಕಡೆ ಹಿಡಿದು, "ಪಾರ್ಟ್ಸ್ ಎಲ್ಲಿ ಸಿಗುತ್ತೆ ಅಂತ ಇದ್ರಲ್ಲಿ ಬರೆದೇ ಇಲ್ವಲ್ಲ ಸ್ವಾಮಿ" ಎಂದರು. ಬರೆದಿತ್ತು. ಮೂರು ಗೆರೆ ಒತ್ತಿ, ನಾಲ್ಕನೆಯ ಸಾಲು ಮುಟ್ಟಿ, ಜಿಲ್ಲೆ ಆರಿಸಿದರೆ ಬರುತ್ತಿತ್ತು.

ಆ ದಿನ ಮನೆಗೆ ಮರಳುವಾಗ ಬಸ್ಸಿನಲ್ಲಿ ನನಗೆ ಮೊದಲು ಹೊಳೆದದ್ದು ಇಷ್ಟೇ: ಚಿತ್ರವನ್ನೆಲ್ಲ ಕಿತ್ತುಹಾಕಿ ದೊಡ್ಡದಾಗಿ ಫೋನ್ ನಂಬರ್ ಬರೆದುಬಿಡಬೇಕು. ಅದೂ ಅರ್ಧ ತಪ್ಪೇ ಎಂದು ಅರ್ಥವಾಗಲು ಇನ್ನಷ್ಟು ದಿನ ಬೇಕಾಯಿತು. ಅದೇಕೆ ಎಂದು ಹೇಳುವ ಮೊದಲು ನೀವು ಹುಟ್ಟುವುದಕ್ಕೂ ಹಿಂದಿನ ಒಂದು ಕಥೆ ಹೇಳಬೇಕು.

1999ರ ನವೆಂಬರಿನಲ್ಲಿ ಲಂಡನ್ನಿನಿಂದ ಬೂ ಡಾಟ್ ಕಾಮ್ ಎಂಬ ಉಡುಪಿನ ಅಂಗಡಿ ಅಂತರ್ಜಾಲದಲ್ಲಿ ತೆರೆಯಿತು, ಒಂದೇ ಸಲಕ್ಕೆ 18 ದೇಶಗಳಿಗೆ. ಸ್ಥಾಪಕರು ಸ್ವೀಡನ್ನಿನವರು: ಎರ್ನ್‌ಸ್ಟ್ ಮಾಲ್ಮ್‌ಸ್ಟೆನ್, ಕಾಯ್ಸಾ ಲಿಯಾಂಡರ್, ಪ್ಯಾಟ್ರಿಕ್ ಹೆಡೆಲಿನ್. ಅವರ ಕಲ್ಪನೆ ನಿಜಕ್ಕೂ ಸೊಗಸಾಗಿತ್ತು. ಬೂಟನ್ನು ಸುತ್ತಲೂ ತಿರುಗಿಸಿ ನೋಡಬಹುದು, ಹೊಲಿಗೆ ಕಾಣುವಷ್ಟು ಹತ್ತಿರ ತಂದುಕೊಳ್ಳಬಹುದು, ಗೊಂಬೆಗೆ ಅಂಗಿ ತೊಡಿಸಿ ಪರೀಕ್ಷಿಸಬಹುದು. ಮಿಸ್ ಬೂ ಎಂಬ ಅನಿಮೇಷನ್ ಹುಡುಗಿ ಜೊತೆಗಿದ್ದು ಸಲಹೆ ಕೊಡುತ್ತಾಳೆ. ಅಂಥದ್ದನ್ನು ಅದುವರೆಗೆ ಹೆಚ್ಚಿನವರು ಕಂಡಿರಲಿಲ್ಲ.

ಆದರೆ ಆಗ ಹೆಚ್ಚಿನ ಮನೆಗಳಲ್ಲಿದ್ದದ್ದು ಫೋನ್ ಲೈನಿಗೆ ಜೋಡಿಸುವ ಮೋಡೆಮ್. ಒಳ್ಳೆಯ ಮೋಡೆಮ್ ಎಂದರೆ 56 ಕಿಲೋಬಿಟ್ ವೇಗ. ಲೆಕ್ಕ ಹಾಕಿ ನೋಡಿ: ಎಲ್ಲ ಸರಿಯಿದ್ದರೂ ಸೆಕೆಂಡಿಗೆ 7 ಕಿಲೋಬೈಟ್. 300 ಕಿಲೋಬೈಟಿನ ಒಂದು ಚಿತ್ರ ಇಳಿಯಲು 40 ಸೆಕೆಂಡಿಗೂ ಹೆಚ್ಚು. ಬಳಕೆಯ ಸುಲಭತೆಯ ತಜ್ಞ ಯಾಕಬ್ ನೀಲ್ಸನ್ 1993ರಲ್ಲೇ ಬರೆದಿದ್ದರು: 10 ಸೆಕೆಂಡ್ ದಾಟಿದರೆ ಮನುಷ್ಯನ ಗಮನ ಬೇರೆ ಕಡೆ ಹೋಗುತ್ತದೆ. ಬೂ ಪುಟಗಳಿಗಾಗಿ ಜನ ನಿಮಿಷಗಟ್ಟಲೆ ಕಾದರು, ಎದ್ದು ಹೋದರು. 2000ದ ಮೇ 18ರಂದು ಕಂಪನಿ ಬಾಗಿಲು ಹಾಕಿತು. ಹತ್ತಿರ ಹತ್ತಿರ 13.5 ಕೋಟಿ ಡಾಲರ್ ಹೋಗಿತ್ತು. ದುಂದುವೆಚ್ಚವೂ ಸೇರಿ ಕಾರಣಗಳು ಹಲವಿದ್ದವು, ಎಲ್ಲವನ್ನೂ ವಿನ್ಯಾಸದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಕೊಳ್ಳಲು ಬಂದವರು ಕೊಳ್ಳಲಾಗದೆ ಹೋದದ್ದು ವಿನ್ಯಾಸದ ಕಾರಣಕ್ಕೇ.

ನನ್ನನ್ನು ಇಂದಿಗೂ ಕಾಡುವ ಸಂಗತಿ ಬೇರೆ. ಚಿತ್ರವನ್ನು ತಿರುಗಿಸುವುದು, ಹತ್ತಿರ ತರುವುದು ಈಗ ಹಲವು ಶಾಪಿಂಗ್ ಆ್ಯಪ್‌ಗಳಲ್ಲಿ ಇದೆ. ನೀವು ಮೊನ್ನೆ ಚಪ್ಪಲಿ ಕೊಂಡಾಗಲೂ ಬಳಸಿರುತ್ತೀರಿ. ಬೂ ಕಂಡ ಕನಸು ಸುಳ್ಳಾಗಿರಲಿಲ್ಲ. ಆ ಕಡೆ ಕುಳಿತು ಕಾಯುವವರ ಲೆಕ್ಕವನ್ನು ಮಾತ್ರ ಅವರು ಹಿಡಿದಿರಲಿಲ್ಲ.

ಇಂಥ ಕಥೆ ಕೇಳಿದವರು ಇನ್ನೊಂದು ತುದಿಗೆ ಓಡುತ್ತಾರೆ. ಅಂದವೆಲ್ಲ ಆಡಂಬರ, ಕೆಲಸವಾದರೆ ಸಾಕು, ಬಿಳಿ ಹಾಳೆಯ ಮೇಲೆ ನೀಲಿ ಲಿಂಕುಗಳಿದ್ದರೆ ಸಾಕು ಎನ್ನುತ್ತಾರೆ. ನಿಮ್ಮ ಆಫೀಸಿನಲ್ಲೂ ಇಂಥವರು ಸಿಗುತ್ತಾರೆ, ಒಳ್ಳೆಯ ಉದ್ದೇಶದಿಂದಲೇ ಹೇಳುತ್ತಾರೆ. ಅವರ ಮಾತನ್ನು ಪೂರ್ತಿ ಒಪ್ಪಬೇಡಿ. 1995ರಲ್ಲಿ ಜಪಾನಿನ ಹಿಟಾಚಿ ವಿನ್ಯಾಸ ಕೇಂದ್ರದ ಮಸಾಕಿ ಕುರೋಸು ಮತ್ತು ಕಾವೊರಿ ಕಶಿಮುರಾ ಎಟಿಎಂ ಪರದೆಯ 26 ಬಗೆಯ ಜೋಡಣೆಗಳನ್ನು 252 ಜನರಿಗೆ ತೋರಿಸಿದರು. ಬಟನ್‌ಗಳು ಅವೇ, ಜಾಗಗಳು ಮಾತ್ರ ಬೇರೆ. ಜನ ಯಾವುದನ್ನು ಅಂದವೆಂದರೋ ಅದನ್ನೇ ಬಳಸಲು ಸುಲಭವೆಂದೂ ಎಣಿಸಿದರು. ಇಸ್ರೇಲಿನ ನೋಮ್ ಟ್ರ್ಯಾಕ್ಟಿನ್‌ಸ್ಕಿ ಇದನ್ನು ಅನುಮಾನದಿಂದ ನೋಡಿದರು. ಜಪಾನೀಯರು ಸೌಂದರ್ಯಪ್ರಿಯರು, ಅವರಲ್ಲಿ ಹಾಗಾಗಿರಬಹುದು, ನಮ್ಮವರಲ್ಲಿ ಹಾಗಾಗಲಾರದು ಎಂಬುದು ಅವರ ಎಣಿಕೆ. ತಮ್ಮ ದೇಶದಲ್ಲಿ ಪರೀಕ್ಷಿಸಿದರು. ಅಲ್ಲಿ ಅಂದಕ್ಕೂ ಸುಲಭವೆಂಬ ಭಾವನೆಗೂ ಇದ್ದ ನಂಟು ಇನ್ನೂ ಗಟ್ಟಿಯಾಗಿ ಕಂಡಿತು.

ಅಂದವಾದ ಪುಟಕ್ಕೆ ಜನ ಮೊದಲೇ ನಂಬಿಕೆ ಕೊಟ್ಟುಬಿಡುತ್ತಾರೆ ಎಂದು ಇದರರ್ಥ. ಹೆಸರು ಕೇಳಿರದ ಕಂಪನಿಗೆ ಹಣ ಕಳಿಸುವ ಮುನ್ನ, ಅವರ ಪುಟದ ಅಚ್ಚುಕಟ್ಟು ನೋಡಿಯೇ ನಾವೆಲ್ಲ ಧೈರ್ಯ ಮಾಡುವುದು. ಆ ನಂಬಿಕೆ ಸಾಲವಿದ್ದಂತೆ. ಬೇಕಾದದ್ದು ಬೇಗ ಸಿಕ್ಕರೆ ಸಾಲ ತೀರುತ್ತದೆ, ಸಿಗದೆ ಹೋದರೆ ಬಡ್ಡಿ ಸೇರಿ ಬೆಳೆಯುತ್ತದೆ. ಚೆಂದದ ಪುಟದಲ್ಲಿ ಮೋಸಹೋದ ಸಿಟ್ಟು, ಕೆಟ್ಟ ಪುಟದಲ್ಲಿ ಮೋಸಹೋದ ಸಿಟ್ಟಿಗಿಂತ ಹೆಚ್ಚಿನದು. ಆ ಡೀಲರ್ ಅಂಗಡಿಯಲ್ಲಿ ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ.

ಈಗ ಪಂಪಿಗೆ ಮರಳುತ್ತೇನೆ. ಆ ರೈತರ ತೊಂದರೆ ಏನೆಂದು ಡೀಲರನ್ನು ಮತ್ತೆ ಮತ್ತೆ ಕೇಳಿದೆ. ರೈತರಿಗೆ ಬೇಕಾದ ಭಾಗದ ಹೆಸರು ಮೆಕ್ಯಾನಿಕಲ್ ಸೀಲ್. ಆ ಹೆಸರು ಅವರಿಗೆ ಗೊತ್ತಿರಲಿಲ್ಲ. ಅದು ಎಲ್ಲಿರುತ್ತದೆ, ಹೇಗೆ ಸವೆಯುತ್ತದೆ, ಸವೆದರೆ ನೀರು ಯಾವ ಕಡೆ ಸೋರುತ್ತದೆ ಎಂಬುದೆಲ್ಲ ಚೆನ್ನಾಗಿ ಗೊತ್ತಿತ್ತು. ನಮ್ಮ ಪಟ್ಟಿ ಹೆಸರು ಕೇಳುತ್ತಿತ್ತು, ಅವರು ಜಾಗ ಬಲ್ಲವರು. ಹಾಗಾಗಿ ಫೋನ್ ನಂಬರನ್ನು ದೊಡ್ಡದು ಮಾಡಿದರಷ್ಟೇ ಸಾಲುತ್ತಿರಲಿಲ್ಲ. ಅವರು ಫೋನ್ ಮಾಡಿ ಯಾವ ಭಾಗ ಎಂದು ಹೇಳಬೇಕಿತ್ತು?

ನಮ್ಮ ತಂಡದ ಚಿತ್ರಗಾರ್ತಿ ಒಬ್ಬರು ಪಂಪನ್ನು ಉದ್ದಕ್ಕೆ ಸೀಳಿ ಒಳಗನ್ನು ತೋರಿಸುವ ಚಿತ್ರ ಬರೆದರು. ಕೈಯಿಂದಲೇ ಬರೆದದ್ದು, ಇಂಪೆಲ್ಲರಿನ ರೆಕ್ಕೆಗಳ ತಿರುವು, ಬೇರಿಂಗಿನ ಗುಂಡುಗಳು ಎಲ್ಲ ಕಾಣುವ ಹಾಗೆ. ಎರಡು ವಾರ ಹಿಡಿಯಿತು. ಹೋಂ ಪೇಜಿನಲ್ಲಿ ನೀರಿನ ಹನಿ ಇದ್ದ ಜಾಗಕ್ಕೆ ಆ ಚಿತ್ರ ಬಂತು. ನೀರು ಸೋರುವ ಕಡೆ ಬೆರಳಿಟ್ಟರೆ ಭಾಗದ ಹೆಸರು, ನಂಬರ್, ಬೆಲೆ, ಹತ್ತಿರದಲ್ಲಿ ಯಾರ ಬಳಿ ಸಿಗುತ್ತದೆ ಎಂಬುದು. ಆ ವೆಬ್‌ಸೈಟಿನಲ್ಲಿ ಅದಕ್ಕಿಂತ ಸುಂದರವಾದದ್ದು ಬೇರೊಂದಿರಲಿಲ್ಲ, ಅದಕ್ಕಿಂತ ಹೆಚ್ಚು ಬಳಕೆಯಾದದ್ದೂ ಇರಲಿಲ್ಲ.

ಸೃಜನಶೀಲತೆ ಮತ್ತು ಬಳಕೆಯ ಸುಲಭತೆಯನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಲು ನಿಮಗೆ ಹೇಳಿಕೊಡುತ್ತಾರೆ. ಇದಕ್ಕೆ ಸ್ವಲ್ಪ, ಅದಕ್ಕೆ ಸ್ವಲ್ಪ. ನನ್ನ ಅನುಭವದಲ್ಲಿ ಹಾಗೆ ತೂಗಿದವರು ಎರಡನ್ನೂ ಅರೆಬರೆ ಮಾಡಿದ್ದಾರೆ. ನಿಮ್ಮ ಕೈಯ ಒಳ್ಳೆಯ ಗೆರೆ, ಒಳ್ಳೆಯ ಬಣ್ಣ, ಎಲ್ಲಕ್ಕಿಂತ ಹೆಚ್ಚು ಗಂಟೆಗಳು ಜನ ತಡವರಿಸುವ ಜಾಗಕ್ಕೆ ಹೋಗಲಿ. ಬಂದವರು ತಡವರಿಸದ ಕಡೆ ಸರಳವಾಗಿದ್ದರೂ ನಡೆಯುತ್ತದೆ.

ಕನ್ನಡದ ವಿಷಯದಲ್ಲಿ ಇದು ಇನ್ನೂ ನಿಜ. ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಆದರೆ ಅದೇ ಅಂಗಡಿಯ ಕನ್ನಡ ಪುಟ ತೆರೆದು ನೋಡಿ. ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದ ಬಟನ್ನಿನೊಳಗೆ ಕನ್ನಡವನ್ನು ತುರುಕಿರುತ್ತಾರೆ. 'ವೈಶಿಷ್ಟ್ಯಗಳು' ಎಂಬ ಪದದಲ್ಲಿ ಷ ಕಾರದ ಕೆಳಗೆ ಎರಡು ಒತ್ತುಗಳು ಇಳಿಯಬೇಕು. ಸಾಲುಗಳ ನಡುವೆ ಜಾಗವಿಲ್ಲದೆ ಕೆಳಗಿನ ಒತ್ತು ಅರ್ಧ ಕತ್ತರಿಸಿ ಹೋಗಿರುತ್ತದೆ, ಇಲ್ಲವೆ ಕೆಳಸಾಲಿನ ಗುಡಿಸಿನ ಮೇಲೆ ಕುಳಿತಿರುತ್ತದೆ. 'ಸೈನ್ ಅಪ್' ಹಿಡಿಸುವ ಜಾಗದಲ್ಲಿ 'ನೋಂದಾಯಿಸಿಕೊಳ್ಳಿ' ಹಿಡಿಸುವುದಿಲ್ಲ, ಎರಡು ಸಾಲಾಗಿ ಮುರಿಯುತ್ತದೆ. ಇಂಗ್ಲಿಷಿನಲ್ಲಿ ಪದವನ್ನು ಎದ್ದು ಕಾಣಿಸಲು ದೊಡ್ಡಕ್ಷರವಿದೆ, ನಮಗಿಲ್ಲ. ಗಾತ್ರ, ದಪ್ಪ, ಬಣ್ಣ, ಜಾಗ ಇವುಗಳಲ್ಲೇ ನಾವು ಅದನ್ನು ಸಾಧಿಸಬೇಕು. ಆದ್ದರಿಂದ ಕನ್ನಡ ಪುಟವನ್ನು ಕನ್ನಡ ಪದಗಳನ್ನಿಟ್ಟುಕೊಂಡೇ ಮೊದಲು ರಚಿಸಿ. ಎತ್ತರದ ಅಳತೆ 'ಮನೆ' ಎಂಬ ಪದದಿಂದ ಸಿಗುವುದಿಲ್ಲ, 'ರಾಷ್ಟ್ರ', 'ವೈಶಿಷ್ಟ್ಯ' ಎಂಬ ಪದಗಳಿಂದ ಸಿಗುತ್ತದೆ. ನಿಮ್ಮ ಬ್ಯಾಚಿನವರು ಇದೊಂದನ್ನು ಮಾಡಿದರೂ ಓದುಗರ ಕಣ್ಣು ನಿಮಗೆ ಋಣಿಯಾಗಿರುತ್ತದೆ.

ಬಿಳಿಯ ಮೇಲೆ ತಿಳಿಬೂದು ಅಕ್ಷರ ಬರೆಯುವ ಚಾಳಿಯನ್ನು ಇಂದೇ ಬಿಡಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟ್ ಕಡಿಮೆಯೆಂದರೆ 4.5ಕ್ಕೆ 1 ಇರಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2008ರಿಂದ ಇದೆ. ಬಿಸಿಲಿನಲ್ಲಿ ನಿಂತು ಫೋನ್ ನೋಡುವವರಿಗೆ ಅಷ್ಟೂ ಸಾಲುವುದಿಲ್ಲ.

ಪರದೆ ಎಲ್ಲರಿಗೂ ಎಟುಕಬೇಕೆಂಬುದರ ಬಗ್ಗೆ ನಮ್ಮ ಸುಪ್ರೀಂ ಕೋರ್ಟಿನ ಮಾತೂ ಇದೆ. ಬ್ಯಾಂಕ್ ಖಾತೆಗಾಗಿ ಕೆವೈಸಿ ಮಾಡುವಾಗ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಎಂದು ಪರದೆ ಕೇಳುತ್ತಿತ್ತು. ಆ್ಯಸಿಡ್ ದಾಳಿಯಲ್ಲಿ ಕಣ್ಣಿಗೆ ಪೆಟ್ಟಾದವರು ಮಿಟುಕಿಸುವುದು ಹೇಗೆ? ಅಂಥವರು ಮತ್ತು ದೃಷ್ಟಿ ಇಲ್ಲದವರು ನ್ಯಾಯಾಲಯಕ್ಕೆ ಹೋದರು. 2025ರ ಏಪ್ರಿಲ್ 30ರಂದು ಬಂದ ತೀರ್ಪು, ಡಿಜಿಟಲ್ ಸೇವೆ ಎಲ್ಲರಿಗೂ ಎಟುಕಬೇಕಾದದ್ದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದಿತು. ಆ ಪರದೆಯನ್ನು ರಚಿಸಿದವರು ಕೆಟ್ಟವರೇನಲ್ಲ. ತಮ್ಮ ಕಣ್ಣುಗಳನ್ನಷ್ಟೇ ನೆನೆದು ರಚಿಸಿದ್ದರು. ನಾನು ನೀರಿನ ಹನಿ ಹಾಕಿದಾಗ ಮಾಡಿದ್ದೂ ಅದನ್ನೇ.

ಗೆಳೆಯರೆ, ಬರುವ ತಿಂಗಳು ನಿಮ್ಮಲ್ಲಿ ಬಹಳ ಮಂದಿ ಕೆಲಸಕ್ಕೆ ಸೇರುತ್ತೀರಿ. ಕ್ಲೈಂಟ್ ತಮ್ಮ ಕಂಪನಿಯ ಧ್ಯೇಯವಾಕ್ಯ, ಅಧ್ಯಕ್ಷರ ಫೋಟೊ, ಇಷ್ಟದ ಬಣ್ಣ ಎಲ್ಲ ಕೊಡುತ್ತಾರೆ. ಅವನ್ನು ಗೌರವದಿಂದ ತೆಗೆದುಕೊಳ್ಳಿ. ಮಾಕಪ್‌ಗೆ ಕೈಹಾಕುವ ಮುಂಚೆ ಒಂದು ಅನುಮತಿ ಕೇಳಿ: ಆ ಕಂಪನಿಯ ಕಸ್ಟಮರ್ ಕೇರ್ ಕೋಣೆಯಲ್ಲಿ ಒಂದು ಇಡೀ ದಿನ ಕೂರಲು. ಫೋನ್ ಮಾಡಿದವರು ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಜನ ಫೋನಿನಲ್ಲಿ ಕೇಳುತ್ತಿರುವುದೆಲ್ಲ ಅವರ ವೆಬ್‌ಸೈಟ್ ಹೇಳದೆ ಬಿಟ್ಟದ್ದು. ಸಂಜೆಯ ಹೊತ್ತಿಗೆ ಒಂದೇ ಪ್ರಶ್ನೆ ಹತ್ತು ಸಲ ಬಂದಿರುತ್ತದೆ. ನಿಮ್ಮ ಅತಿ ಸುಂದರವಾದ ಚಿತ್ರವನ್ನು ಆ ಪ್ರಶ್ನೆಗೆ ಬರೆಯಿರಿ.